ಗಾಳ ಹಾಕಲು ಯಾವ ಕೆರೆ?

ರಜೆ ಹತ್ತಿರ ಬಂದಂತೆ ಮನೆಮನೆಯಲ್ಲೂ ಒಂದೇ ಚರ್ಚೆ: ಈ ಸಲ ಎಲ್ಲಿಗೆ ಹೋಗೋಣ? ಬೆಟ್ಟ ಹತ್ತಿ ಆಯಿತು, ಕಡಲು ನೋಡಿ ಆಯಿತು, ಅರಮನೆ-ದೇವಸ್ಥಾನಗಳ ಸುತ್ತಾಟವೂ ಮುಗಿಯಿತು. ಅಂಥ ಹೊತ್ತಿನಲ್ಲಿ ಯಾರಾದರೂ ‘ಕೆರೆ ದಡದಲ್ಲಿ ಗಾಳ ಹಾಕಿಕೊಂಡು ಕೂರೋಣ’ ಎಂದರೆ ಮಕ್ಕಳ ಕಣ್ಣು ಅರಳುತ್ತದೆ. ಖರ್ಚು ಕಡಿಮೆ, ಗದ್ದಲವಿಲ್ಲ, ಅಪ್ಪ-ಅಮ್ಮನ ಜೊತೆ ಮಾತಾಡಲು ಬೇಕಾದಷ್ಟು ಸಮಯ. ಮೊಬೈಲ್ ಬದಿಗಿಟ್ಟು ನೀರು ನೋಡುತ್ತಾ ಕೂರುವ ಅಭ್ಯಾಸ ದೊಡ್ಡವರಿಗೂ ಬೇಕಾಗಿದೆ.

ಕರ್ನಾಟಕದಲ್ಲಿ ಕೆರೆಗಳಿಗೇನೂ ಬರವಿಲ್ಲ. ದೊಡ್ಡದು ಚಿಕ್ಕದು ಸೇರಿ ಸುಮಾರು 36,000 ಕೆರೆಗಳಿವೆ ಎಂಬ ಲೆಕ್ಕವಿದೆ. ಜೊತೆಗೆ ಜಲಾಶಯಗಳು, ಹಿನ್ನೀರುಗಳು. ಇಷ್ಟರಲ್ಲಿ ನಮ್ಮ ಕುಟುಂಬಕ್ಕೆ ಹೊಂದುವುದು ಯಾವುದು? ಹೆಚ್ಚಿನವರು ಮೊದಲು ಕೇಳುವುದು ‘ಎಲ್ಲಿ ದೊಡ್ಡ ಮೀನು ಸಿಗುತ್ತೆ?’ ಎಂದು. ಮನೆಮಂದಿಯೆಲ್ಲ ಹೊರಟಾಗ ಮೊದಲ ಪ್ರಶ್ನೆ ಬೇರೆಯೇ ಇರಬೇಕು: ‘ನಮ್ಮ ಜೊತೆ ಬರುವವರಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಯಾವ ದಡದಲ್ಲಿ ನಿರ್ಭಯವಾಗಿ ಕೂರಬಹುದು?’ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಕೆರೆ ಸಿಕ್ಕಿದಂತೆಯೇ.

ರಾಜರ ವಿನೋದ

ಗಾಳ ಹಾಕುವ ಹವ್ಯಾಸ ನಮ್ಮ ನೆಲದಲ್ಲಿ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನುಗಳ ಬಗೆ, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಹಿಡಿಯುವ ರೀತಿ ಎಲ್ಲವನ್ನೂ ಅದರಲ್ಲಿ ವಿವರಿಸಲಾಗಿದೆ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್, ಭಾರತದಲ್ಲಿ ಗಾಳ ಹಾಕುವ ಬಗೆಯನ್ನು ಕುರಿತು 1873ರಲ್ಲಿ ಬರೆದ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು!

ಈ ಕಥೆ ಕೇಳಿದ ಮಕ್ಕಳು ‘ನಮಗೂ ಅಂಥದ್ದೇ ಬೇಕು’ ಎನ್ನುವುದು ಸಹಜ. ಆದರೆ ಕಾವೇರಿಯ ಆ ಬೆನ್ನುಬ್ಬಿದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಲಾಗಿದೆ. ಒಂದು ಕಾಲಕ್ಕೆ ಹೊರದೇಶಗಳಿಂದಲೂ ಹವ್ಯಾಸಿಗಳು ಬಂದು ರಾಗಿ ಮುದ್ದೆಯನ್ನೇ ಎರೆಯಾಗಿಸಿ ಗಾಳ ಹಾಕುತ್ತಿದ್ದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಅಲ್ಲಿ ಆ ಆಟ ನಿಂತಿದೆ. ದೊಡ್ಡ ಮೀನಿನ ಆಸೆ ಬಿಟ್ಟು, ಸಣ್ಣ ಮೀನು ಬೇಗಬೇಗ ಕಚ್ಚುವ ಊರಕೆರೆಯತ್ತ ನೋಡುವುದೇ ಮಕ್ಕಳಿಗೆ ಹಿತ. ಏಳು ವರ್ಷದ ಮಗುವಿಗೆ ಅಂಗೈಯಗಲದ ಮೀನೇ ತಿಮಿಂಗಿಲ!

ಈ ನೀರುಗಳು ಬೇಡ

ಆಯ್ಕೆಗೆ ಮೊದಲು ಬೇಡವಾದವನ್ನು ತೆಗೆದುಹಾಕಿ. ಕೆಲಸ ಅರ್ಧ ಮುಗಿಯುತ್ತದೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿಧಾಮಗಳಿಗೆ ತಾಗಿದ ನೀರು ಬೇಡ. ಕಬಿನಿ, ಭದ್ರಾ, ಲಿಂಗನಮಕ್ಕಿ ಮುಂತಾದ ಜಲಾಶಯಗಳ ಹಿನ್ನೀರಿನ ದಡಗಳು ಹಲವೆಡೆ ಕಾಡಿಗೆ ಸೇರಿವೆ. ಅಲ್ಲಿ ಗಾಳ ಹಾಕುವುದು ಕಾನೂನಿಗೆ ವಿರುದ್ಧ, ಆನೆಗಳು ನೀರಿಗೆ ಬರುವ ಜಾಗವೂ ಹೌದು. ಪಕ್ಷಿಗಳಿಗೆ ಮೀಸಲಾದ ಕೆರೆಗಳೂ ಬೇಡ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆಗೆ ದುರ್ಬೀನು ಹಿಡಿದು ಹೋಗಬೇಕೇ ಹೊರತು ಗಾಳ ಹಿಡಿದಲ್ಲ.

ಮೊಸಳೆ ಇರುವ ನದಿ ದಡಗಳು ಬೇಡವೇ ಬೇಡ. ಕಾವೇರಿ, ಕಬಿನಿ, ತುಂಗಭದ್ರಾ, ಕೃಷ್ಣಾ, ಕಾಳಿ ನದಿಗಳ ಹಲವು ಕಡೆ ಮೊಸಳೆಗಳಿವೆ. ಅಣೆಕಟ್ಟಿನ ಕೆಳಗಿನ ನದಿಪಾತ್ರವನ್ನೂ ನಂಬಬೇಡಿ. ಬಂಡೆಗಳ ನಡುವೆ ಪಾದ ಮುಳುಗುವಷ್ಟೇ ನೀರಿದ್ದರೂ ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಏರಿಬಿಡುತ್ತದೆ.

ಹೊಲದಲ್ಲಿರುವ ಕೃಷಿ ಹೊಂಡ ಚಿಕ್ಕದಾಗಿ, ಮುದ್ದಾಗಿ ಕಾಣುತ್ತದೆ. ಆದರೆ ಅದರ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಒಮ್ಮೆ ಬಿದ್ದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ನೀರು ತುಂಬಿದ ಹಳೆಯ ಕಲ್ಲುಕ್ವಾರಿಗಳದ್ದೂ ಇದೇ ಕಥೆ. ದಡವೇ ಇಲ್ಲ, ಅಂಚು ದಾಟಿದರೆ ನೇರ ಆಳ.

ಇನ್ನು ನಗರದ ಕೆರೆಗಳು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೀನು ಉಸಿರುಗಟ್ಟಿ ಸಾಯುತ್ತದೆ. ನೊರೆ, ದುರ್ವಾಸನೆ, ಹಸಿರು ಬಣ್ಣ ಚೆಲ್ಲಿದಂಥ ದಪ್ಪ ಪಾಚಿಪದರ, ದಡದಲ್ಲಿ ಸತ್ತ ಮೀನು — ಈ ನಾಲ್ಕರಲ್ಲಿ ಒಂದು ಕಂಡರೂ ಗಾಡಿ ಹಿಂದಕ್ಕೆ ತಿರುಗಿಸಿ.

ಕೆರೆಯ ಮೈ ತಿಳಿಯಿರಿ

ನಮ್ಮ ಕೆರೆಗಳು ತಾವಾಗಿ ಆದ ಸರೋವರಗಳಲ್ಲ, ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದವು. ಹೀಗಾಗಿ ಅವುಗಳ ಆಕಾರಕ್ಕೊಂದು ಲೆಕ್ಕವಿದೆ. ಅದು ಗೊತ್ತಿದ್ದರೆ ಹೊಸ ಊರಿನ ಕೆರೆಯೂ ಅರ್ಥವಾಗುತ್ತದೆ.

ಏರಿಯ ಪಕ್ಕದಲ್ಲೇ, ಅದರಲ್ಲೂ ತೂಬಿನ ಹತ್ತಿರ, ನೀರು ಎಲ್ಲಕ್ಕಿಂತ ಆಳ. ಏರಿಗೆ ಹೊದಿಸಿದ ಕಲ್ಲುಗಳು ಇಳಿಜಾರು, ಪಾಚಿಯಿಂದ ಜಾರುವಂಥವು. ನೆರಳು, ರಸ್ತೆ ಎಲ್ಲ ಅಲ್ಲೇ ಇರುವುದರಿಂದ ಬಂದವರು ಸಾಮಾನ್ಯವಾಗಿ ಕೂರುವುದೂ ಏರಿಯ ಮೇಲೇ. ಮಕ್ಕಳಿದ್ದರೆ ಅದನ್ನು ಬಿಟ್ಟು ಎದುರು ದಡಕ್ಕೆ, ಅಂದರೆ ಕೆರೆಯಂಗಳದ ಕಡೆಗೆ ಹೋಗಿ. ಅಲ್ಲಿ ನೆಲ ನಿಧಾನವಾಗಿ ಇಳಿಯುತ್ತದೆ. ಕೋಡಿಯ ಬಳಿಯೂ ಬೇಡ. ಕೆರೆ ತುಂಬಿದಾಗ ಅಲ್ಲಿನ ಸೆಳೆತ ಕಾಲನ್ನು ಎಳೆದುಬಿಡುತ್ತದೆ.

ಎರಡು ಗುಡ್ಡಗಳ ನಡುವೆ ಏರಿ ಕಟ್ಟಿದ ಕೆರೆಗಳು ನೋಡಲು ಬಲು ಚೆಂದ. ಪಾಂಡವಪುರ ಬಳಿಯ ತೊಣ್ಣೂರು ಕೆರೆಯ ಬಂಡೆಗಳನ್ನೂ ತಿಳಿನೀರನ್ನೂ ನೋಡಲೆಂದೇ ಜನ ಹೋಗುತ್ತಾರೆ. ಆದರೆ ಬಂಡೆಯಂಚಿನಲ್ಲಿ ಆಳ ತಟ್ಟನೆ ಎದುರಾಗುವುದರಿಂದ ಇಂಥವು ನೋಡುವ ಕೆರೆಗಳು, ಮಕ್ಕಳನ್ನು ದಡದಲ್ಲಿ ಕೂರಿಸುವ ಕೆರೆಗಳಲ್ಲ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಂಥ ವಿಶಾಲ ಕೆರೆಗಳಲ್ಲಿ ಗಾಳಿ ಎದ್ದರೆ ಅಲೆಯೂ ಏಳುತ್ತದೆ. ಬಯಲುಸೀಮೆಯ ನಡುಗಾತ್ರದ ಕೆರೆ, ಒಂದು ಬದಿಯಲ್ಲಿ ಹುಲ್ಲುದಡ, ಹತ್ತಿರದಲ್ಲೊಂದು ಹೊಂಗೆಯೋ ಹುಣಸೆಯೋ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಾಗಿಲ್ಲ.

ಆದರೆ ಕೆರೆಯಂಗಳದಲ್ಲೂ ಒಂದು ಗುಪ್ತ ಅಪಾಯವಿದೆ, ಅದನ್ನು ತಿಳಿಯದೆ ಹೊರಡಲೇಬಾರದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೊಲಕ್ಕೆ, ಇಟ್ಟಿಗೆ ಗೂಡಿಗೆ, ರಸ್ತೆ ಕೆಲಸಕ್ಕೆ ಮಣ್ಣು ತೆಗೆದಿರುತ್ತಾರೆ. ಯಂತ್ರಗಳು ತೋಡಿದ ಗುಂಡಿಗಳ ಅಂಚು ಗೋಡೆಯಂತೆ ನೇರ. ಮಳೆ ಬಂದು ಕೆರೆ ತುಂಬಿದ ಮೇಲೆ ಎಲ್ಲವೂ ಒಂದೇ ಸಮನೆ ಕಾಣುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿದುಬಿಡುತ್ತಾನೆ. ರಜೆಯ ದಿನಗಳಲ್ಲಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುವ ‘ಕೆರೆಯಲ್ಲಿ ಮುಳುಗಿ ಮಕ್ಕಳ ಸಾವು’ ಎಂಬ ಸುದ್ದಿಗಳ ಹಿಂದೆ ಹಲವು ಸಲ ಇಂಥ ಗುಂಡಿಗಳಿರುತ್ತವೆ. ಒಬ್ಬನನ್ನು ಉಳಿಸಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುವುದುಂಟು. ಅದಕ್ಕೇ ನಿಯಮ ಒಂದೇ: ಗಾಳ ಹಾಕುವುದು ದಡದಿಂದ. ನೀರಿಗೆ ಇಳಿಯುವುದಿಲ್ಲ, ಪಾದ ತೊಳೆಯಲೂ ಇಲ್ಲ.

ಯಾರನ್ನು ಕೇಳಬೇಕು?

ಈ ಗುಂಡಿಗಳು ಎಲ್ಲಿವೆ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಗೊತ್ತಿರುವುದು ಊರಿನವರಿಗೆ ಮಾತ್ರ. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವ ಹಿಂದಿನ ದಿನ ಮನೆಯ ಹಿರಿಯರೊಬ್ಬರು ಹೋಗಿ ಕೆರೆಯನ್ನು ಒಂದು ಸುತ್ತು ನೋಡಿ ಬರಲಿ. ಮೂವರನ್ನು ಮಾತಾಡಿಸಲಿ. ಒಬ್ಬರು ದಿನವೂ ಬಲೆ ಹಾಕುವ ಮೀನುಗಾರರು, ಇನ್ನೊಬ್ಬರು ದನ-ಕುರಿಗಳನ್ನು ನೀರಿಗೆ ತರುವವರು, ಮತ್ತೊಬ್ಬರು ತೂಬು ತೆಗೆದು ಗದ್ದೆಗೆ ನೀರು ಹಂಚುವ ನೀರುಗಂಟಿ. ದನಗಳು ನೀರಿಗಿಳಿಯುವ ಜಾಗ ಯಾವುದು ಎಂದು ವಿಚಾರಿಸಿ. ಎಮ್ಮೆ, ಹಸುಗಳು ದಿನವೂ ಓಡಾಡುವ ದಡ ಸಾಮಾನ್ಯವಾಗಿ ಸಮತಟ್ಟಾಗಿರುತ್ತದೆ. ‘ಈ ಕೆರೆಯಲ್ಲಿ ಯಾರಾದರೂ ಮುಳುಗಿದ್ದಾರೆಯೇ? ಎಲ್ಲಿ?’ ಎಂದು ಸಂಕೋಚವಿಲ್ಲದೆ ಕೇಳಿ.

ಅನುಮತಿಯ ಮಾತೂ ಇದೆ. ಊರಿನ ಕೆರೆ ಎಲ್ಲರದ್ದು ನಿಜ, ಆದರೆ ಅದರ ಮೀನು ಎಲ್ಲರದ್ದಲ್ಲ. ದೊಡ್ಡ ಕೆರೆಗಳ ಮೀನುಗಾರಿಕೆ ಹಕ್ಕನ್ನು ಮೀನುಗಾರಿಕೆ ಇಲಾಖೆ, ಚಿಕ್ಕವುಗಳದ್ದನ್ನು ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುವುದು ರೂಢಿ. ಗುತ್ತಿಗೆ ಹಿಡಿದ ಸಹಕಾರ ಸಂಘವೋ ಮೀನುಗಾರರೋ ಕೈಯಿಂದ ಹಣ ಹಾಕಿ ಮರಿ ಬಿಟ್ಟಿರುತ್ತಾರೆ. ಕೇಳದೆ ಹಿಡಿದರೆ ಅದು ಕಳವು. ಕೇಳಿದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ‘ಮಕ್ಕಳು ಒಂದೆರಡು ಗಂಟೆ ಗಾಳ ಹಾಕ್ತಾರೆ’ ಎಂದರೆ ನಕ್ಕು, ಮೀನು ಕಚ್ಚುವ ಜಾಗವನ್ನೂ ತೋರಿಸುತ್ತಾರೆ. ಮಕ್ಕಳ ಎದುರಲ್ಲೇ ಅನುಮತಿ ಕೇಳಿ, ಅದೂ ಒಂದು ಪಾಠ. ಜಲಾಶಯಗಳಲ್ಲಿ ಲೈಸೆನ್ಸ್ ಬೇಕೇ ಎಂದು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ.

ದೂರದ ರೆಸಾರ್ಟಿಗಿಂತ ಅಜ್ಜಿಯ ಊರಿನ ಕೆರೆ ಮೇಲು ಎನ್ನುವುದು ಇದಕ್ಕೇ. ಅಲ್ಲಿ ಕೇಳಿದರೆ ಹೇಳುವವರಿದ್ದಾರೆ, ಕೂಗಿದರೆ ಓಡಿ ಬರುವವರಿದ್ದಾರೆ.

ಯಾವ ಕಾಲ, ಯಾವ ಹೊತ್ತು?

ಮಳೆಗಾಲ ಮೀನುಗಳು ಮೊಟ್ಟೆಯಿಡುವ ಸಮಯ. ದಡವೂ ಕುಸಿಯುತ್ತದೆ, ಹೊಸನೀರು ಯಾವಾಗ ನುಗ್ಗುವುದೋ ತಿಳಿಯದು. ಆ ತಿಂಗಳುಗಳನ್ನು ಬಿಟ್ಟುಬಿಡಿ. ದಸರಾ ರಜೆಯಲ್ಲಿ ಕೆರೆ ತುಂಬಿ ಸೊಗಸಾಗಿರುತ್ತದೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು-ಮಿಂಚಿನ ಭಯ. ಬಯಲಿನಲ್ಲಿ ಉದ್ದನೆಯ ಕೋಲು ಹಿಡಿದು ನಿಂತವರ ಮೇಲೆ ಸಿಡಿಲು ಬೀಳುವ ಸಾಧ್ಯತೆ ಹೆಚ್ಚು, ಮೊದಲ ಗುಡುಗಿಗೇ ಎದ್ದುಬಿಡಬೇಕು. ಡಿಸೆಂಬರ್ ಹಿತವಾದ ತಿಂಗಳು. ಚಳಿಗೆ ಮೀನು ತುಸು ಮಂದ, ಆದರೆ ಹಕ್ಕಿಗಳ ಸಂತೆ ಪುಕ್ಕಟೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೀನು ಒಂದೆಡೆ ಸೇರುವುದರಿಂದ ಬೇಗ ಸಿಗುತ್ತದೆ. ನೀರು ಇಳಿದಿದ್ದರೆ ಹಳೆಯ ಗುಂಡಿಗಳು ಕಣ್ಣಿಗೆ ಬೀಳುವುದೂ ಉಂಟು. ಆದರೆ ನೀರಂಚಿನ ಕೆಸರಿನಲ್ಲಿ ಕಾಲು ಹೂತುಹೋಗದಂತೆ ನೋಡಿಕೊಳ್ಳಿ.

ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಕತ್ತಲಾಗುವ ಮುಂಚೆ ಮನೆಯಲ್ಲಿರಬೇಕು. ಚಿಕ್ಕ ಮಕ್ಕಳ ತಾಳ್ಮೆ ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಬೇಸರವಾದಾಗ ಬುತ್ತಿ ಬಿಚ್ಚಿ, ಹಕ್ಕಿ ಎಣಿಸಿ, ಶಂಖದ ಹುಳು ಹುಡುಕಿ. ಮೀನು ಸಿಗಲಿಲ್ಲವೆಂದು ಮಕ್ಕಳನ್ನು ಗದರಿಸಿ ಕೂರಿಸಬೇಡಿ.

ಮಕ್ಕಳೇ, ಮೀನಿನ ಬಾಯಿ ನೋಡಿ

ಮೀನಿನ ಬಾಯಿ ನೋಡಿದರೆ ಅದು ನೀರಿನ ಯಾವ ಅಂತಸ್ತಿನಲ್ಲಿ ಊಟ ಮಾಡುತ್ತದೆ ಎಂದು ಹೇಳಬಹುದು. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ. ಅದು ಮೇಲಿನ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್‌ನ ಬಾಯಿ ಕೆಳಮುಖ, ಅದರ ಊಟ ತಳದಲ್ಲಿ. ಸಾಮಾನ್ಯ ಗೆಂಡೆಗೆ ಪುಟ್ಟ ಮೀಸೆಗಳಿವೆ, ಕೆಸರು ಕೆದಕುತ್ತಾ ಗುಳ್ಳೆ ಎಬ್ಬಿಸುತ್ತದೆ. ಒಂದೇ ಕೆರೆಗೆ ಇವನ್ನೆಲ್ಲ ಒಟ್ಟಿಗೆ ಬಿಡುವುದು ಇದಕ್ಕೇ: ಒಬ್ಬರ ಊಟಕ್ಕೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ!

ನಿಮ್ಮ ಗಾಳಕ್ಕೆ ಮೊದಲು ಸಿಗುವುದು ಬಹುಶಃ ತಿಲಾಪಿಯ, ಜನ ಇದನ್ನು ಜಿಲೇಬಿ ಎಂದೂ ಕರೆಯುತ್ತಾರೆ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಹಾಗಾಗಿ ಬೇಗ ಹೆಚ್ಚಿ, ನಮ್ಮ ಊರಿನ ಮೀನುಗಳ ಜಾಗ ಆಕ್ರಮಿಸಿದೆ. ಒಂದು ಕೆರೆಯಲ್ಲಿ ಹಿಡಿದದ್ದನ್ನಾಗಲಿ, ಮನೆಯ ಅಕ್ವೇರಿಯಂ ಮೀನನ್ನಾಗಲಿ ಬೇರೆ ಕೆರೆಗೆ ಬಿಡಬಾರದು ಎನ್ನುವುದು ಇದೇ ಕಾರಣಕ್ಕೆ.

ನೀರಿನ ಮೇಲ್ಮೈಯಲ್ಲಿ ಕೆಂಪು-ಕಿತ್ತಳೆ ಬಣ್ಣದ ಪುಟಾಣಿ ಮರಿಗಳ ಗುಂಪು ಕುದಿಯುವಂತೆ ಓಡಾಡುತ್ತಿದ್ದರೆ ಅವು ಮುರೆಲ್ ಜಾತಿಯ ಮರಿಗಳಿರಬಹುದು. ಅಪ್ಪ-ಅಮ್ಮ ಮೀನು ಕೆಳಗೇ ಕಾವಲಿರುತ್ತವೆ. ಅಲ್ಲಿ ಗಾಳ ಹಾಕಬೇಡಿ. ಕಾವಲು ಹೋದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ.

ಕೋಲು, ಬೆಂಡು, ಎರೆ

ಮೊದಲ ಸಲಕ್ಕೆ ದುಬಾರಿ ರೀಲು-ರಾಡು ಬೇಕಿಲ್ಲ. ಮಗುವಿನ ಎತ್ತರದ ಎರಡರಷ್ಟು ಉದ್ದದ ಹಗುರ ಬಿದಿರು ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಜೋಳದ ದಂಟಿನ ಬೆಂಡು, ಅತಿ ಚಿಕ್ಕ ಗಾಳ ಸಾಕು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿಂದಲೂ, ಬೆರಳಿಗೆ ಚುಚ್ಚಿದರೆ ಬೆರಳಿನಿಂದಲೂ ಸುಲಭವಾಗಿ ಬರುತ್ತದೆ. ಎರೆಹುಳು ಮುಟ್ಟಲು ಅಸಹ್ಯವೆನ್ನುವ ಮಕ್ಕಳಿಗೆ ಗಟ್ಟಿಯಾಗಿ ಕಲಸಿದ ರಾಗಿ ಅಥವಾ ಗೋಧಿ ಹಿಟ್ಟಿನ ಉಂಡೆ ಕೊಡಿ. ಇಬ್ಬರು ಮಕ್ಕಳ ನಡುವೆ ಒಂದು ಕೋಲಿನಷ್ಟು ಅಂತರವಿರಲಿ, ಬೀಸಿದ ಗಾಳ ಪಕ್ಕದವರ ಕಣ್ಣಿಗೆ ತಾಗಬಾರದು. ತುಂಡಾದ ದಾರವನ್ನು ದಡದಲ್ಲಿ ಬಿಟ್ಟು ಬಂದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಸುತ್ತಿ ಜೇಬಿಗೆ ಹಾಕಿಕೊಳ್ಳಿ.

ದಡದ ಕಾವಲು

ಮುಳುಗುವ ಮಗು ಸಿನಿಮಾದಂತೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಆಗುವುದೇ ಇಲ್ಲ. ಹತ್ತು ಮಂದಿ ದೊಡ್ಡವರು ಇದ್ದರೂ ‘ಬೇರೆಯವರು ನೋಡುತ್ತಿದ್ದಾರೆ’ ಎಂದುಕೊಂಡ ಒಂದು ನಿಮಿಷದಲ್ಲಿ ಅನಾಹುತವಾಗಬಹುದು. ಆದ್ದರಿಂದ ಒಬ್ಬರನ್ನು ಕಾವಲಿಗೆ ನೇಮಿಸಿ. ಅವರ ಕೈಯಲ್ಲಿ ಗಾಳವೂ ಇರಬಾರದು, ಮೊಬೈಲೂ ಇರಬಾರದು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ, ‘ಈಗ ನಿಮ್ಮ ಸರದಿ’ ಎಂದು ಬಾಯಿಬಿಟ್ಟು ಹೇಳಿ. ಚಿಕ್ಕ ಮಕ್ಕಳು ದಡದಲ್ಲಿ ಕೂತಿದ್ದರೂ ಲೈಫ್ ಜಾಕೆಟ್ ತೊಟ್ಟಿರಲಿ. ಅದಿಲ್ಲದೆ ತೆಪ್ಪ, ಹರಿಗೋಲು ಹತ್ತುವಂತಿಲ್ಲ.

ಒಂದು ಉದ್ದ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಕಟ್ಟಿಟ್ಟುಕೊಳ್ಳಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಕ್ಯಾನ್ ಎಸೆಯಿರಿ, ಬಿದಿರು ಚಾಚಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ. ಮಕ್ಕಳಿಗೂ ಇದನ್ನೇ ಹೇಳಿಕೊಡಿ: ಗೆಳೆಯ ಬಿದ್ದರೆ ಇಳಿಯುವುದಲ್ಲ, ಎಸೆಯುವುದು ಮತ್ತು ಕೂಗುವುದು. ಮನೆಯಂಗಳದಲ್ಲಿ ಬಕೆಟ್ಟನ್ನು ಗುರಿಯಾಗಿಟ್ಟು ಕ್ಯಾನ್ ಎಸೆಯುವ ಆಟ ಆಡಿಸಿದರೆ ಅಭ್ಯಾಸವೂ ಆಯಿತು.

ಮೀನು ತಿನ್ನದ ಮನೆಯವರಿಗೆ

ಗಾಳ ಹಾಕಲೇಬೇಕೆಂದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದಡದಲ್ಲಿ ದೇವರ ಮೀನುಗಳನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ಹಿಡಿಯುವುದು ನಿಷಿದ್ಧ. ಮಹಶೀರ್ ಜಾತಿಯ ಮೀನುಗಳು ನಮ್ಮ ನದಿಗಳಲ್ಲಿ ಇನ್ನೂ ಉಳಿದಿರುವುದರಲ್ಲಿ ಇಂಥ ತಾಣಗಳ ಪಾಲು ದೊಡ್ಡದು.

ಹಿಡಿದು ಬಿಡುವವರಾದರೆ ಕೈಯನ್ನು ಮೊದಲು ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಹೋಗಿ ರೋಗ ಅಂಟುತ್ತದೆ. ನೀರಿನ ಹೊರಗೆ ನೀವು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತು ಮಾತ್ರ ಇರಲಿ. ತಿನ್ನುವವರು ಊಟಕ್ಕೆ ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಅದೇ ಕೆರೆಗೆ ಬಿಡಿ.

ಹೊರಡುವ ಮುನ್ನ ಕೇಳಿಕೊಳ್ಳಿ

* ಈ ನೀರು ಕಾಡು, ಪಕ್ಷಿಧಾಮ, ದೇವಸ್ಥಾನಕ್ಕೆ ಸೇರಿದ್ದಲ್ಲ ತಾನೇ?
* ಮೀನಿನ ಹಕ್ಕು ಯಾರದ್ದು, ಒಪ್ಪಿಗೆ ಸಿಕ್ಕಿದೆಯೇ?
* ಮಣ್ಣು ತೆಗೆದ ಗುಂಡಿಗಳು ಎಲ್ಲಿವೆ ಎಂದು ಊರಿನವರನ್ನು ಕೇಳಿದ್ದೀರಾ?
* ಕೂರುವ ದಡ ಇಳಿಜಾರಿಲ್ಲದ ಹುಲ್ಲುನೆಲವೇ? ಹಾವಿದೆಯೇ ಎಂದು ಕೋಲಿನಿಂದ ತಟ್ಟಿ ನೋಡಿದ್ದೀರಾ?
* ನೆರಳು, ಕುಡಿಯುವ ನೀರು, ಶೌಚಾಲಯ ಎಷ್ಟು ದೂರ?
* ಮೊಬೈಲ್ ಸಿಗ್ನಲ್ ಇದೆಯೇ, ಆಸ್ಪತ್ರೆ ಎಲ್ಲಿದೆ?
* ಲೈಫ್ ಜಾಕೆಟ್, ಹಗ್ಗ ಕಟ್ಟಿದ ಕ್ಯಾನ್, ಇಕ್ಕಳ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಚೀಲದಲ್ಲಿವೆಯೇ?
* ಮೊದಲ ಪಾಳಿಯ ಕಾವಲು ಯಾರದ್ದು?

ಎಲ್ಲದಕ್ಕೂ ಉತ್ತರ ಸಿಕ್ಕಿದೆಯೇ? ಹಾಗಾದರೆ ಬೆಳಗ್ಗೆ ಬೇಗ ಏಳಿ, ಚಿತ್ರಾನ್ನದ ಡಬ್ಬಿ ಕಟ್ಟಿಕೊಳ್ಳಿ, ಟೋಪಿ ಮರೆಯಬೇಡಿ. ಬೆಂಡು ಒಮ್ಮೆ ಮುಳುಗಿ ಎದ್ದಾಗ ‘ಕಚ್ಚಿತು, ಕಚ್ಚಿತು!’ ಎಂದು ಮಕ್ಕಳು ಕೂಗುವುದನ್ನು ಕೇಳುವ ಸಂತೋಷ ನಿಮ್ಮದಾಗಲಿ.